ಫ್ಯಾನ್ ಗೇಮ್: ಯಾವುದು ನಿಮ್ಮದು, ಯಾವುದು ಅವರದು?

2016ರ ಆಗಸ್ಟ್‌ನಲ್ಲಿ ಅಭಿಮಾನಿಗಳೇ ಕಟ್ಟಿದ ಎರಡು ಗೇಮ್‌ಗಳು ಹೊರಬಂದವು. ಒಂದು, ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಹಳೆಯ ‘ಮೆಟ್ರಾಯ್ಡ್ 2’ ಆಟವನ್ನು ಹೊಸದಾಗಿ ಕಟ್ಟಿದ ‘ಎಎಂ2ಆರ್’. ಇನ್ನೊಂದು, ಸುಮಾರು ಒಂಬತ್ತು ವರ್ಷ ಕೂತು ಮಾಡಿದ ‘ಪೋಕೆಮಾನ್ ಯುರೇನಿಯಂ’. ಅದನ್ನು ಕೆಲವೇ ದಿನಗಳಲ್ಲಿ 15 ಲಕ್ಷ ಸಲ ಇಳಿಸಿಕೊಂಡಿದ್ದರು. ಎರಡೂ ಪುಕ್ಕಟೆ. ಆದರೂ ನಿಂಟೆಂಡೊ ಪರವಾಗಿ ನೋಟಿಸು ಬಂದದ್ದೇ ತಡ, ಡೌನ್‌ಲೋಡ್ ಕೊಂಡಿಗಳು ಮಾಯವಾದವು.

‘ನಾವೇನು ದುಡ್ಡು ಮಾಡ್ತಿಲ್ವಲ್ಲ’ ಎಂಬ ಮಾತು ಇಂಥ ತಂಡಗಳಲ್ಲಿ ಮೊದಲ ದಿನವೇ ಬರುತ್ತದೆ. ಅದರಲ್ಲಿ ಸತ್ಯವಿದೆ, ಆದರೆ ಸ್ವಲ್ಪವೇ. ಬೇರೆಯವರ ಕೃತಿಯನ್ನು ಅನುಮತಿಯಿಲ್ಲದೆ ಎಲ್ಲಿಯವರೆಗೆ ಬಳಸಬಹುದು ಎಂದು ತೀರ್ಮಾನಿಸುವ ಅಮೆರಿಕದ ‘ಫೇರ್ ಯೂಸ್’ ನಿಯಮ ನಾಲ್ಕು ಅಂಶಗಳನ್ನು ತೂಗಿ ನೋಡುತ್ತದೆ. ಲಾಭದ ಉದ್ದೇಶ ಇತ್ತೇ ಎಂಬುದು ಅವುಗಳಲ್ಲಿ ಒಂದರ ಒಂದು ತುಣುಕು. ಮೂಲದಿಂದ ಎಷ್ಟು ಎತ್ತಿಕೊಂಡಿರಿ, ಮೂಲದ ಮಾರುಕಟ್ಟೆಗೆ ಏನು ಪೆಟ್ಟು ಬಿತ್ತು ಎಂಬ ಪ್ರಶ್ನೆಗಳೂ ಇವೆ. ಮರುವರ್ಷ, 2017ರಲ್ಲಿ, ನಿಂಟೆಂಡೊ ಅದೇ ‘ಮೆಟ್ರಾಯ್ಡ್ 2’ರ ಮರುನಿರ್ಮಾಣವನ್ನು ತಾನೇ ಮಾರಾಟಕ್ಕೆ ತಂದಿತು. ಪುಕ್ಕಟೆ ಸಿಗುವ ಪ್ರತಿಸ್ಪರ್ಧಿ ಯಾರಿಗೆ ಬೇಕು? ಇನ್ನು ‘ಎಲ್ಲ ಹಕ್ಕುಗಳೂ ಮೂಲ ಕಂಪನಿಯವು’ ಎಂದು ಗೇಮ್‌ನ ಮೊದಲ ಪರದೆಯಲ್ಲಿ ಬರೆದುಕೊಳ್ಳುವವರಿದ್ದಾರೆ. ಅದು ರಕ್ಷಣೆಯಲ್ಲ, ಹೆಚ್ಚುಕಡಿಮೆ ತಪ್ಪೊಪ್ಪಿಗೆ.

ಗೇಮ್ ಒಂದೇ ವಸ್ತು ಎಂದುಕೊಳ್ಳುವುದರಿಂದ ಈ ಗೊಂದಲವೆಲ್ಲ ಹುಟ್ಟುತ್ತದೆ. ಬಿಡಿಸಿ ನೋಡಿದರೆ ಆಟದ ನಿಯಮ ಬೇರೆ, ಅದನ್ನು ನಡೆಸುವ ಕೋಡ್ ಬೇರೆ, ಚಿತ್ರ-ಸಂಗೀತ ಬೇರೆ, ಪಾತ್ರ ಮತ್ತು ಕಥೆ ಬೇರೆ, ಹೆಸರು ಬೇರೆ. ಹೆಸರಿಗೆ ಕಾವಲು ಟ್ರೇಡ್‌ಮಾರ್ಕ್. ಕೆಲವು ಸಲ ಆಡುವ ವಿಧಾನಕ್ಕೂ ಪೇಟೆಂಟ್ ಇರುತ್ತದೆ. ಕಾಪಿರೈಟ್ ಕಾಯುವುದು ಅಭಿವ್ಯಕ್ತಿಯನ್ನು, ಐಡಿಯಾವನ್ನಲ್ಲ; ಬೌದ್ಧಿಕ ಆಸ್ತಿ ಕುರಿತ 1994ರ ಅಂತರರಾಷ್ಟ್ರೀಯ ‘ಟ್ರಿಪ್ಸ್’ ಒಪ್ಪಂದದ 9ನೇ ವಿಧಿ ಇದನ್ನೇ ಹೇಳುತ್ತದೆ. ಹಾರಿ ಶತ್ರುವಿನ ತಲೆಯ ಮೇಲೆ ಬೀಳುವುದು ಐಡಿಯಾ. ಕೆಂಪು ಟೋಪಿ, ದಪ್ಪ ಮೀಸೆಯ ಕೊಳಾಯಿ ಕೆಲಸಗಾರ ಮಾರಿಯೊ ಅಭಿವ್ಯಕ್ತಿ.

ಕೇಳುವುದಕ್ಕೆ ಸುಲಭ. ಆದರೆ ಗೆರೆ ಎಲ್ಲಿ ಎಳೆಯುವುದು? 1988ರಲ್ಲಿ ಡೇಟಾ ಈಸ್ಟ್ ಕಂಪನಿ ತನ್ನ ಕರಾಟೆ ಗೇಮ್ ಕದ್ದಿದ್ದಾರೆಂದು ಎಪಿಕ್ಸ್ ಮೇಲೆ ಹೂಡಿದ್ದ ದಾವೆಯನ್ನು ಸೋತಿತು. ಕರಾಟೆ ಎಂದಮೇಲೆ ಒದೆತ, ಗುದ್ದು, ತೀರ್ಪುಗಾರ ಇದ್ದೇ ಇರುತ್ತವೆ, ಅವು ಯಾರ ಸ್ವತ್ತೂ ಅಲ್ಲ ಎಂಬ ಧಾಟಿಯ ತೀರ್ಪು ಅದು. ತಮಾಷೆಯೆಂದರೆ, ಕ್ಯಾಪ್‌ಕಾಮ್ ಕಂಪನಿ ಇದೇ ಡೇಟಾ ಈಸ್ಟ್ ಮೇಲೆ ಹೊಡೆದಾಟದ ಗೇಮ್ ವಿಷಯಕ್ಕೆ ಮೊಕದ್ದಮೆ ಹಾಕಿದಾಗ, ಅಂದು ಸೋತ ತೀರ್ಪೇ 1994ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಅದರ ಕೈಹಿಡಿಯಿತು.

ಈ ಕಥೆ ಕೇಳಿ ಧೈರ್ಯ ಬಂದವರು ಟೆಟ್ರಿಸ್ ಪ್ರಕರಣವನ್ನೂ ನೋಡಬೇಕು. ಕ್ಸಿಯೊ ಎಂಬ ಸಣ್ಣ ಸಂಸ್ಥೆ ಟೆಟ್ರಿಸ್ ಹೋಲುವ ‘ಮಿನೊ’ ಎಂಬ ಆಟ ಮಾಡಿತ್ತು. ‘ನಾವು ತೆಗೆದುಕೊಂಡದ್ದು ನಿಯಮಗಳನ್ನು ಮಾತ್ರ’ ಎಂಬುದು ಅದರ ವಾದ. 2012ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯ ಒಪ್ಪಲಿಲ್ಲ. ಬೀಳುವ ತುಂಡುಗಳನ್ನು ಸಾಲುಗಟ್ಟಿಸಿ ಅಳಿಸುವುದು ನಿಯಮ, ಸರಿ. ಆದರೆ ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರದ ಅಂಕಣ, ತುಂಡುಗಳ ಆಕಾರ ಮತ್ತು ಮಿರುಗು, ತುಂಡು ಎಲ್ಲಿ ಇಳಿಯಲಿದೆ ಎಂದು ತೋರಿಸುವ ನೆರಳು ಇವೆಲ್ಲ ಹಾಗೇ ಇರಬೇಕೆಂಬ ಒತ್ತಾಯ ನಿಯಮದಲ್ಲೆಲ್ಲೂ ಇಲ್ಲ. ಅವು ಯಾರೋ ಆಯ್ದುಕೊಂಡವು. ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ: ಇದನ್ನು ಬೇರೆ ಥರ ಮಾಡಿದ್ದರೂ ಆಟ ನಡೆಯುತ್ತಿತ್ತೇ? ಹೌದು ಎಂದಾದರೆ, ಬೇರೆ ಥರವೇ ಮಾಡಿ.

ಎಂಜಿನಿಯರುಗಳು ಕಂಡುಕೊಂಡ ಇನ್ನೊಂದು ದಾರಿ, ಎಂಜಿನ್ (ಆಟ ನಡೆಸುವ ಕೋಡ್) ಮತ್ತು ಸಾಮಗ್ರಿಯನ್ನು (ಚಿತ್ರ, ಸದ್ದು, ಹಂತ) ಬೇರೆ ಮಾಡುವುದು. ‘ಡೂಮ್’ ಗೇಮ್‌ನ ಸೋರ್ಸ್ ಕೋಡ್ 1997ರಲ್ಲಿ ಬಹಿರಂಗವಾಯಿತು, 1999ರಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಬಂತು. ಆದರೆ ಚಿತ್ರ, ಸದ್ದು, ಹಂತಗಳು ಕಂಪನಿಯ ಬಳಿಯೇ ಉಳಿದವು. ಆಗ ‘ಫ್ರೀಡೂಮ್’ ಎಂಬ ಯೋಜನೆಯವರು ಒಂದೊಂದು ಗೋಡೆಯ ಹೊದಿಕೆ, ಒಂದೊಂದು ರಾಕ್ಷಸನ ಚಿತ್ರವನ್ನೂ ತಾವೇ ಮಾಡಿ ಖಾಲಿ ಜಾಗ ತುಂಬಿದರು.

ಹಳೆಯ ಗೇಮ್ ತಿದ್ದುವವರು ಮಾಡುವುದು ಇನ್ನೂ ಚುರುಕಾದ ಉಪಾಯ. ಅವರು ತಿದ್ದಿದ ಗೇಮ್ ಹಂಚುವುದಿಲ್ಲ, ವ್ಯತ್ಯಾಸವನ್ನಷ್ಟೇ ಹಂಚುತ್ತಾರೆ. ಐಪಿಎಸ್ ಎಂಬ ಹಳೇ ಪ್ಯಾಚ್ ಫೈಲನ್ನು ಬಿಚ್ಚಿ ನೋಡಿದರೆ ಮೊದಲ ಐದು ಬೈಟ್‌ಗಳಲ್ಲಿ ‘ಪ್ಯಾಚ್’ ಎಂಬ ಇಂಗ್ಲಿಷ್ ಪದ. ಆಮೇಲೆ ಮೂರು ಬೈಟ್‌ಗಳಲ್ಲಿ ಎಲ್ಲಿ ಬದಲಿಸಬೇಕೆಂಬ ವಿಳಾಸ, ಎರಡು ಬೈಟ್‌ಗಳಲ್ಲಿ ಎಷ್ಟು ಬದಲಿಸಬೇಕೆಂಬ ಅಳತೆ, ನಂತರ ಹೊಸ ಮಾಹಿತಿ. ಮತ್ತೆ ಅದೇ ಸರಣಿ. ವಿಳಾಸಕ್ಕೆ ಮೂರೇ ಬೈಟ್ ಇರುವುದರಿಂದ 16 ಎಂಬಿ ದಾಟಿದ ಗೇಮ್‌ಗೆ ಇದು ಎಟುಕುವುದಿಲ್ಲ. ಹೀಗೆ ಮಾಡಿದ ಪ್ಯಾಚ್‌ನಲ್ಲಿ ಮೂಲ ಗೇಮ್‌ನ ಬೈಟ್‌ಗಳು ಇಲ್ಲವೆಂದೇ ಹೇಳಬಹುದು. ಮೂಲ ಪ್ರತಿ ಇಟ್ಟುಕೊಂಡವರಿಗೆ ಮಾತ್ರ ಅದು ಉಪಯೋಗ.

ಇಷ್ಟಾದರೂ ನಿಶ್ಚಿಂತೆಯಿಲ್ಲ. ‘ಡ್ಯೂಕ್ ನ್ಯೂಕಮ್ 3ಡಿ’ಗೆ ಆಟಗಾರರು ಮಾಡಿದ್ದ ನಕ್ಷೆಗಳನ್ನು ಮೈಕ್ರೊ ಸ್ಟಾರ್ ಎಂಬ ಸಂಸ್ಥೆ ಸಿಡಿಯಲ್ಲಿ ತುಂಬಿ ಮಾರಿತ್ತು. ಆ ನಕ್ಷೆ ಫೈಲುಗಳಲ್ಲಿ ಚಿತ್ರವೇ ಇರಲಿಲ್ಲ, ಯಾವ ಚಿತ್ರವನ್ನು ಎಲ್ಲಿ ಇಡಬೇಕೆಂಬ ಸೂಚನೆ ಮಾತ್ರ. ಆದರೂ 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಇವು ಡ್ಯೂಕ್‌ನ ಕಥೆಯನ್ನೇ ಮುಂದುವರಿಸುವ ಅನಧಿಕೃತ ಉತ್ತರಭಾಗಗಳು ಎಂದಿತು. ಪಾತ್ರ ಮತ್ತು ಕಥೆಯ ಪದರವನ್ನು ಯಾವ ಫೈಲ್ ಚಾತುರ್ಯವೂ ಕಳಚುವುದಿಲ್ಲ.

ದೊಡ್ಡ ಮೊಕದ್ದಮೆಗಳ ಮಾತು ಬಿಡಿ, ಬಹುತೇಕ ಹವ್ಯಾಸಿ ತಂಡಗಳು ಎಡವುವುದು ಸಣ್ಣ ಸಾಮಗ್ರಿಯಲ್ಲಿ. ಗೆಳೆಯರ ಗೇಮ್ ಒಂದಕ್ಕೆ ನಾನೂ ಕೈಜೋಡಿಸಿದ್ದೆ. ಬಿಡುಗಡೆಗೆ ವಾರವಿರುವಾಗ ಬಾಗಿಲು ಮುಚ್ಚುವ ಸದ್ದೊಂದು ಎಲ್ಲಿಂದ ಬಂತೆಂದು ಯಾರಿಗೂ ನೆನಪಾಗಲಿಲ್ಲ. ಫೈಲ್ ಹೆಸರು ‘ಡೋರ್2 ಫೈನಲ್ ನ್ಯೂ’. ಕೊನೆಗೆ ಅಲಮಾರಿನ ಬಾಗಿಲನ್ನು ನಲವತ್ತು ಸಲ ಬಡಿದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಅವತ್ತೇ ಒಂದು ಪಟ್ಟಿ ಶುರುವಾಯಿತು: ಫೈಲ್, ಮಾಡಿದವರು, ಸಿಕ್ಕ ಜಾಗ, ಪರವಾನಗಿ, ದಿನಾಂಕ. ಕ್ರಿಯೇಟಿವ್ ಕಾಮನ್ಸ್ (ಇತರರ ಬಳಕೆಗೆ ಮುಂಚಿತವಾಗಿಯೇ ಅನುಮತಿ ಕೊಡುವ ಪರವಾನಗಿ) ಎಂದು ಬರೆದಿದ್ದರೂ ವಾಣಿಜ್ಯ ಬಳಕೆಗೆ ನಿಷೇಧವಿರಬಹುದು, ಮಾರ್ಪಾಡಿಗೂ ನಿಷೇಧವಿರಬಹುದು. ಮೂಲ ಗೇಮ್‌ನ ರಾಗವನ್ನು ನೀವೇ ಕೀಬೋರ್ಡಿನಲ್ಲಿ ನುಡಿಸಿದರೆ ತಪ್ಪುವುದು ಧ್ವನಿಮುದ್ರಣದ ಹಕ್ಕಿನ ಉಲ್ಲಂಘನೆ ಮಾತ್ರ. ರಾಗ ಸಂಯೋಜನೆಯ ಹಕ್ಕು ಅಲ್ಲೇ ಇರುತ್ತದೆ.

ಪಾತ್ರವೂ ಬೇಕು, ಕಥೆಯೂ ಬೇಕು ಎನ್ನುವವರಿಗೆ ಉಳಿಯುವುದು ಕೇಳುವ ದಾರಿಯೊಂದೇ. ಕೆಲವರು ಕೇಳಿಸಿಕೊಳ್ಳುತ್ತಾರೆ. ‘ಹಾಫ್-ಲೈಫ್’ ಗೇಮ್‌ನ ಅಭಿಮಾನಿಗಳು ಅದನ್ನು ‘ಬ್ಲ್ಯಾಕ್ ಮೆಸಾ: ಸೋರ್ಸ್’ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಲು ಹೊರಟಾಗ, ನಮ್ಮದೇ ಗೇಮ್ ಎಂದು ಜನ ತಪ್ಪು ತಿಳಿದಾರು, ‘ಸೋರ್ಸ್’ ಪದ ತೆಗೆಯಿರಿ ಎಂದಿತು ಮೂಲ ಕಂಪನಿ ವಾಲ್ವ್. ತಂಡ ತೆಗೆಯಿತು. 2012ರಲ್ಲಿ ಅದು ಪುಕ್ಕಟೆ ಬಂತು. ಮುಂದೆ ಮಾರುವುದಕ್ಕೂ ವಾಲ್ವ್ ಒಪ್ಪಿತು. 2020ರಲ್ಲಿ ಪೂರ್ಣ ರೂಪ ಹೊರಬಂದದ್ದು ವಾಲ್ವ್‌ನದೇ ಅಂಗಡಿ ಸ್ಟೀಮ್‌ನಲ್ಲಿ, ಬೆಲೆಚೀಟಿಯೊಂದಿಗೆ.