ಉಳಿದ 13 ಗಂಟೆ ಯಾರ ಪಾಲಿಗೆ?

ಸೆಮಿಸ್ಟರ್ ಶುರುವಾಗುವ ಮುನ್ನ ಪ್ರತಿ ವಿಭಾಗದ ಮುಖ್ಯಸ್ಥರೂ ಒಂದು ಹಾಳೆ ತಯಾರಿಸಬೇಕು. ಕಡತದಲ್ಲಿ ಅದು ಕಾರ್ಯಭಾರ ಹಂಚಿಕೆ, ನಮ್ಮ ಬಾಯಲ್ಲಿ ವರ್ಕ್‌ಲೋಡ್. ಯಾರಿಗೆ ಯಾವ ಪೇಪರ್, ವಾರಕ್ಕೆ ಎಷ್ಟು ಗಂಟೆ, ಯಾವ ಬ್ಯಾಚಿನ ಪ್ರಾಯೋಗಿಕ ತರಗತಿ ಎಂಬುದೆಲ್ಲ ಅದರಲ್ಲಿರುತ್ತದೆ. ನೋಡಿದವರಿಗೆ ಇದು ಬರೀ ಕಚೇರಿ ಕೆಲಸ ಅನಿಸಬಹುದು. ಕೊಡಗಿನಲ್ಲಿ ಕಾಯಂ ಬೋಧಕರು ಒಬ್ಬರೋ ಇಬ್ಬರೋ ಇರುವ ವಿಭಾಗಗಳನ್ನು ನಡೆಸಿದವರಿಗೆ ಮಾತ್ರ ಗೊತ್ತು, ಅತಿಥಿ ಉಪನ್ಯಾಸಕರ ಮನೆಯ ಆ ವರ್ಷದ ಖರ್ಚು ವೆಚ್ಚ ಇದೇ ಹಾಳೆಯ ಮೇಲೆ ನಿಂತಿರುತ್ತದೆ.

ಮೊದಲು ನಿಯಮ ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಪೂರ್ಣಾವಧಿ ಬೋಧಕರ ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿರಬಾರದು, ವರ್ಷಕ್ಕೆ 30 ವಾರ. ಇದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. 'ಮೇಷ್ಟ್ರಿಗೆ ವಾರಕ್ಕೆ 16 ಗಂಟೆ ಮಾತ್ರ ಕೆಲಸವಾ' ಎಂದು ಕೇಳುವವರು ಮಿಕ್ಕ 24 ಗಂಟೆಯನ್ನು ಮರೆಯುತ್ತಾರೆ. ಪಾಠದ ತಯಾರಿ, ಇಂಟರ್ನಲ್ಸ್, ಮೌಲ್ಯಮಾಪನ, ಪ್ರಬಂಧ ಮಾರ್ಗದರ್ಶನ, ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಎನ್ನೆಸ್ಸೆಸ್ ಶಿಬಿರ ಎಲ್ಲವೂ ಆ 24ರೊಳಗೇ ಆಗಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಒಂದು ಸ್ನಾತಕೋತ್ತರ ವಿಭಾಗ. ಬೆಸ ಸೆಮಿಸ್ಟರಿನಲ್ಲಿ ಮೊದಲನೆಯ ಮತ್ತು ಮೂರನೆಯ ಸೆಮಿಸ್ಟರ್ ಒಟ್ಟಿಗೆ ನಡೆಯುತ್ತವೆ. ತಲಾ ಐದು ಪೇಪರ್, ಪೇಪರಿಗೆ ವಾರಕ್ಕೆ 4 ಗಂಟೆ. ಅಲ್ಲಿಗೆ 40 ಗಂಟೆ ಆಯಿತು. ಬೇರೆ ವಿಭಾಗದ ಮಕ್ಕಳಿಗೆ ಕಲಿಸುವ ಮುಕ್ತ ಐಚ್ಛಿಕ ಪೇಪರ್ 3 ಗಂಟೆ. ಒಟ್ಟು 43. ಕಾಯಂ ಇರುವುದು ಒಬ್ಬ ಪ್ರಾಧ್ಯಾಪಕರು, ಒಬ್ಬ ಸಹಾಯಕ ಪ್ರಾಧ್ಯಾಪಕರು. ಇಬ್ಬರೂ ಸೇರಿ 30 ಗಂಟೆ ಹೊತ್ತರೆ 13 ಉಳಿಯಿತು.

ತೊಡಕಿರುವುದು ಈ 13ರಲ್ಲಿ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಅರ್ಹತೆ, ಸೇವಾವಧಿ ನೋಡಿ ತಿಂಗಳಿಗೆ 26,000ದಿಂದ 32,000 ರೂಪಾಯಿವರೆಗಿನ ಮೊತ್ತಕ್ಕೆ ಏರಿಸಿತು, ಜೊತೆಗೇ ವಾರದ ಕಾರ್ಯಭಾರವನ್ನು 8–10 ಗಂಟೆಯಿಂದ 15ಕ್ಕೆ ಏರಿಸಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆಗಳು ಒಬ್ಬರಿಗೇ ಹೋದವು. ಇನ್ನೊಬ್ಬರು ಮನೆಗೆ ಹೋದರು. ವಿಶ್ವವಿದ್ಯಾಲಯಗಳ ದರ, ಆದೇಶ ಬೇರೆ ಇರಬಹುದು. ಆದರೂ ಗಂಟೆ ಸಾಲದಿದ್ದರೆ ಸಂಬಳ ಪೂರ್ತಿ ಸಿಗದು ಎಂಬುದು ಅಲ್ಲೂ ತಪ್ಪದ ಮಾತು. 15 ಬೇಕಾದ ಕಡೆ 13 ಇದ್ದರೆ, ಆ ಎರಡು ಗಂಟೆಯ ಕೊರತೆ ನಮಗೆ ಸಣ್ಣದು. ಅವರಿಗೆ ಅದು ಪೂರ್ಣ ಕಾರ್ಯಭಾರ ಮತ್ತು ಅರೆಬರೆ ಕಾರ್ಯಭಾರದ ನಡುವಿನ ಅಂತರ.

ಇಂಥ ಕಡೆ ಮುಖ್ಯಸ್ಥರಿಗೆ ದಾರಿಯೇ ಇಲ್ಲವೆಂದು ನಾನು ಒಪ್ಪುವುದಿಲ್ಲ. ಯುಜಿಸಿಯ 2010ರ ನಿಯಮಾವಳಿಯಲ್ಲಿ ಆಡಳಿತ, ವಿಸ್ತರಣಾ ಕೆಲಸದಲ್ಲಿ ತೊಡಗಿದ ಪ್ರಾಧ್ಯಾಪಕರಿಗೆ 2 ಗಂಟೆ ರಿಯಾಯಿತಿಗೆ ಅವಕಾಶವಿತ್ತು. ಮುಖ್ಯಸ್ಥರ ಹೊಣೆ ಹೊತ್ತ ಪ್ರಾಧ್ಯಾಪಕರಿಗೆ ಅಂಥ ರಿಯಾಯಿತಿಯನ್ನು ವಿಶ್ವವಿದ್ಯಾಲಯ ಒಪ್ಪಿದರೆ ಅವರ ಪಾಲು 12 ಆಗುತ್ತದೆ, ಉಳಿಕೆ ಸರಿಯಾಗಿ 15. ಒಪ್ಪದಿದ್ದರೆ ಪ್ರಾಯೋಗಿಕ ಅಥವಾ ಪ್ರಾಜೆಕ್ಟ್ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಇನ್ನೊಮ್ಮೆ ನೋಡಬೇಕು. ವಿಜ್ಞಾನ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚಾಗಿ ಲ್ಯಾಬನ್ನು ಎರಡು ಬ್ಯಾಚ್ ಮಾಡಿದರೆ ಗಂಟೆ ಇಮ್ಮಡಿಯಾಗುತ್ತದೆ. ಹಳೆಯ ಪಟ್ಟಿಯನ್ನೇ ನಕಲು ಮಾಡುವ ಕಡೆ ಇದು ಕಣ್ತಪ್ಪಿ ಹೋಗುತ್ತದೆ.

ಮಂಗಳೂರು ವಿಶ್ವವಿದ್ಯಾಲಯದ ಕೇಂದ್ರವಾಗಿದ್ದ ಚಿಕ್ಕ ಅಳುವಾರದ ಆವರಣ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಇದರ ಹೆಸರೂ ಇತ್ತು. ಮುಚ್ಚುವ ಮಾತು ತೂಗುತ್ತಿರುವ ಕಡೆ ಕಾಯಂ ನೇಮಕಾತಿಯನ್ನು ನಂಬಿ ಕೂರುವಂತಿಲ್ಲ. ಅತಿಥಿ ಉಪನ್ಯಾಸಕರೇ ವಿಭಾಗದ ಬೆನ್ನೆಲುಬು. ಹೀಗಿರುವಾಗ ಅವರಿಗೆ ಕೊನೆಗೆ ಮಿಕ್ಕ ಗಂಟೆಗಳನ್ನು ಕೊಡುವ ಪದ್ಧತಿಯನ್ನೇ ಬಿಡಬೇಕು ಎಂಬುದು ನನ್ನ ವಾದ.

ಗಂಟೆ ಸಮವಾದರೆ ಹೊರೆ ಸಮವಾಯಿತು ಅನ್ನುವಂತೆಯೂ ಇಲ್ಲ. ಐದು ವರ್ಷದಿಂದ ಕಲಿಸುತ್ತಿರುವ ಪೇಪರಿನ 4 ಗಂಟೆಯೂ ಮೊದಲ ಸಲ ಕೈಗೆ ಬಂದ ಪೇಪರಿನ 4 ಗಂಟೆಯೂ ಒಂದೇ ಅಲ್ಲ. ಹೊಸ ಪೇಪರ್ ಅಂದರೆ ಒಂದು ಗಂಟೆಯ ಪಾಠಕ್ಕೆ ಮೂರು ನಾಲ್ಕು ಗಂಟೆ ಓದಬೇಕು. ಹಿರಿಯರು ತಮ್ಮ ಇಷ್ಟದ ಪೇಪರ್ ಇಟ್ಟುಕೊಂಡು, ಹೊಸದಾಗಿ ಸೇರಿದವರ ಕೈಗೆ ಮೂರು ಹೊಸ ಪೇಪರ್ ಕೊಡುವುದನ್ನು ಬಹಳ ಕಡೆ ಕಂಡಿದ್ದೇನೆ. ಒಬ್ಬರಿಗೆ ಒಂದು ಸೆಮಿಸ್ಟರಿಗೆ ಒಂದೇ ಹೊಸ ಪೇಪರ್ ಇರಲಿ. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ 2021ರಲ್ಲಿ ಪದವಿಗೆ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹೀಗೆ ಪಠ್ಯವೇ ಬದಲಾದ ವರ್ಷಗಳಲ್ಲಿ ಈ ಮಿತಿ ಪಾಲಿಸುವುದು ಕಷ್ಟ, ನಿಜ. ಆಗ ಬೇರೆ ಕೆಲಸವನ್ನಾದರೂ ಕಡಿಮೆ ಮಾಡಿಕೊಡಿ.

ನಮ್ಮ ಜಿಲ್ಲೆಗೆ ಮಳೆಯ ಲೆಕ್ಕವೂ ಸೇರುತ್ತದೆ. ಜುಲೈ, ಆಗಸ್ಟಿನಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಆ ದಿನದ ಪಾಠ ಹೋಯಿತು. 2018ರ ಆಗಸ್ಟಿನ ಭೂಕುಸಿತದ ದಿನಗಳಲ್ಲಂತೂ ರಸ್ತೆಗಳೇ ಉಳಿದಿರಲಿಲ್ಲ. ಗಂಟೆ ಲೆಕ್ಕದಲ್ಲಿ ಹಣ ಪಡೆಯುವ ಅತಿಥಿ ಉಪನ್ಯಾಸಕರಿಗೆ ಕಲಿಸದ ಗಂಟೆ ನಷ್ಟದ ಗಂಟೆ. ಅವರ ಪಾಠವನ್ನೆಲ್ಲ ಎರಡೇ ದಿನಕ್ಕೆ ಒಟ್ಟಿ ಇಟ್ಟರೆ ಒಂದು ರಜೆಗೆ ಅರ್ಧ ವಾರದ ದುಡಿಮೆ ಹೋಗುತ್ತದೆ. ವಾರವಿಡೀ ಹರಡಿ, ಶನಿವಾರದ ಪರಿಹಾರ ತರಗತಿಗಳನ್ನು ವೇಳಾಪಟ್ಟಿಯಲ್ಲೇ ಮೊದಲೇ ನಮೂದಿಸಿ. ಪೊನ್ನಂಪೇಟೆ, ನಾಪೋಕ್ಲು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಬೆಳಗಿನ ಮೊದಲ ಪೀರಿಯಡ್ಡನ್ನೂ ಸಂಜೆಯ ಕೊನೆಯದನ್ನೂ ಒಂದೇ ದಿನ ಹಾಕಬೇಡಿ.

ಪಿಎಚ್‌ಡಿ ಮಾರ್ಗದರ್ಶನಕ್ಕೆ ಯುಜಿಸಿ ಮಿತಿ ಹಾಕಿದೆ: ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು. ಸ್ನಾತಕೋತ್ತರ ಪ್ರಾಜೆಕ್ಟ್‌ಗಳನ್ನು ಮಾತ್ರ ಯಾರು ಎಷ್ಟು ನೋಡುತ್ತಿದ್ದಾರೆಂದು ಬರೆದಿಡುವ ವಿಭಾಗಗಳು ಕಡಿಮೆ. ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಹಾಕಿ. ನ್ಯಾಕ್, ಎನ್ನೆಸ್ಸೆಸ್, ಪರೀಕ್ಷಾ ಕೆಲಸಕ್ಕೂ ಹಾಗೆಯೇ.

ಪಟ್ಟಿ ಸಿದ್ಧವಾದ ಮೇಲೆ ಸಹಿಗೆ ಕಳಿಸುವ ಮುನ್ನ ವಿಭಾಗದ ಸಭೆ ಕರೆಯಿರಿ, ಅತಿಥಿ ಉಪನ್ಯಾಸಕರನ್ನೂ ಕೂರಿಸಿಕೊಳ್ಳಿ. ಮುಖ್ಯಸ್ಥರ ಹೆಸರಿನ ಮುಂದಿರುವ ಗಂಟೆಗಳೂ ಎಲ್ಲರ ಕಣ್ಣಿಗೆ ಕಾಣುವಂತೆ ಇಡೀ ಹಾಳೆ ಮೇಜಿನ ಮೇಲಿರಲಿ. ಯಾರಿಗಾದರೂ ತಕರಾರಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಲಿ. ಅತಿಥಿ ಉಪನ್ಯಾಸಕರಿಗೆ ನನ್ನದೊಂದು ಮಾತು: ನಡಾವಳಿಯ ಪ್ರತಿಯನ್ನು ಮೊದಲ ತರಗತಿಗೆ ಮುಂಚೆಯೇ ಕೇಳಿ ಪಡೆಯಿರಿ. ಸೆಮಿಸ್ಟರಿನ ನಡುವೆ ನಿಮ್ಮ ಪೇಪರ್ ಬೇರೆಯವರಿಗೆ ಹೋದರೆ ಪ್ರಶ್ನಿಸಲು ನಿಮ್ಮ ಕೈಯಲ್ಲಿ ಇರುವ ದಾಖಲೆ ಅದು.