ಹೂಂಗುಟ್ಟುವವರಿಲ್ಲದ ಕತೆ: ಅಜ್ಜಿ ಕತೆಗಳು ಮಕ್ಕಳ ಪುಸ್ತಕವಾದ ಬಗೆ

ರಾಕ್ಷಸ, ಮಲತಾಯಿ, ತಲೆ ಕಡಿಸುವ ರಾಜ ಇರುವ ಕತೆಗಳನ್ನು ಮಕ್ಕಳಿಗೆ ಹೇಳಬೇಕಾ, ಬೇಡವಾ? ಈ ವಾದ ಈಗ ಎಲ್ಲಿಂದ ಎಲ್ಲಿಗೋ ಹೋಗಿದೆ. ಮಕ್ಕಳು ಹೆದರುತ್ತಾರೆ ಅನ್ನುವವರು ಒಂದು ಕಡೆ, ಮೂಲ ಕತೆಯನ್ನೇ ಕೆಡಿಸಿಬಿಟ್ಟರು ಅನ್ನುವವರು ಇನ್ನೊಂದು ಕಡೆ. ಮೂಢನಂಬಿಕೆ ಅನ್ನುವವರು, ನಮ್ಮ ಸಂಸ್ಕೃತಿ ಅನ್ನುವವರು ಬೇರೆ. ಗಂಟು ಎಲ್ಲಿ ಬಿತ್ತು ಅಂತ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕತೆಗಳು ಬರೀ ಮಕ್ಕಳಿಗಾಗಿ ಹುಟ್ಟಿದವಲ್ಲ. ಜಗಲಿಯಲ್ಲಿ, ಕಣದಲ್ಲಿ ದೊಡ್ಡವರು ದೊಡ್ಡವರಿಗೇ ಹೇಳಿಕೊಳ್ಳುತ್ತಿದ್ದರು. ಮಕ್ಕಳು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ದುರ್ಗಸಿಂಹ 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಅದು ರಾಜನೀತಿಯ ಪುಸ್ತಕ. ಅಲ್ಲಿಂದ ಎಂಟು ಶತಮಾನ ದಾಟಿ 1868ಕ್ಕೆ ಬಂದರೆ, ಅನ್ನಾ ಲಿಬರಾಟಾ ಡಿಸೋಜ ಎಂಬ ಆಯಾ ಹೇಳಿದ ಕತೆಗಳು ‘ಓಲ್ಡ್ ಡೆಕನ್ ಡೇಸ್’ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ಅನ್ನಾಗೆ ಆ ಕತೆಗಳು ಬಂದದ್ದು ತನ್ನ ಅಜ್ಜಿಯಿಂದ. ಪುಸ್ತಕಕ್ಕೆ ಬಂದದ್ದು ಬರೆದುಕೊಂಡ ಮೇರಿ ಫ್ರಿಯರ್ ಹೆಸರು. ಹೇಳಿದವರು ಹಿಂದೆ ಸರಿದು ಬರೆದವರು ಮುಂದೆ ಬರುವುದು ಆಮೇಲೂ ನಡೆದೇ ಇತ್ತು.

ಕನ್ನಡದಲ್ಲಿ ಮಕ್ಕಳಿಗೇ ಅಂತ ಕತೆ ಬರೆದವರಲ್ಲಿ ಮೊದಲು ನೆನಪಾಗುವುದು ಪಂಜೆ ಮಂಗೇಶರಾಯರು. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಶುರುವಾಯಿತು. ‘ಹೇನು ಸತ್ತು ಕಾಗೆ ಬಡವಾಯಿತು’ ಅನ್ನುವ ಅವರ ಕತೆಯ ಹೆಸರನ್ನೇ ಒಮ್ಮೆ ಜೋರಾಗಿ ಹೇಳಿ ನೋಡಿ. ಮಾತು ಇನ್ನೂ ಬಾಯಲ್ಲೇ ಇದೆ. ಆಮೇಲೆ ಚಂದಮಾಮ ಬಂತು, ಬೇತಾಳ ಮನೆಮನೆಯ ನೆಂಟನಾದ. ಶಾಲೆಯ ಪುಸ್ತಕಗಳಿಗೂ ಕತೆಗಳು ಸೇರಿದವು. ಅಲ್ಲಿ ಕತೆಯ ಕೊನೆಗೆ ಒಂದು ಪ್ರಶ್ನೆ ಅಂಟಿಕೊಂಡಿತು: ಈ ಕತೆಯ ನೀತಿ ಏನು?

ಕವಿ, ಜನಪದ ಕತೆಗಳ ವಿದ್ವಾಂಸ ಎ.ಕೆ. ರಾಮಾನುಜನ್ ಕೆಲಸ ಇಲ್ಲೇ ಮುಖ್ಯವಾಗುತ್ತದೆ. 1950ರ ದಶಕದಿಂದಲೇ ಅವರು ಕನ್ನಡದ ಕತೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1997ರಲ್ಲಿ, 77 ಕತೆಗಳ ಇಂಗ್ಲಿಷ್ ಸಂಗ್ರಹ ‘ಎ ಫ್ಲವರಿಂಗ್ ಟ್ರೀ’ ಬಂತು. ಅದರ ಹೆಸರಿಗೆ ಕಾರಣವಾದ ಕತೆಯಲ್ಲಿ ಒಬ್ಬ ಬಡ ಹುಡುಗಿ ಹೂವಿನ ಮರವಾಗುತ್ತಾಳೆ. ಒಂದು ಕೊಡ ನೀರು ಹುಯ್ದರೆ ಮರ, ಇನ್ನೊಂದು ಕೊಡ ಹುಯ್ದರೆ ಮತ್ತೆ ಹುಡುಗಿ. ಉಗುರು ತಾಗಬಾರದು, ಚಿಗುರು ಮುರಿಯಬಾರದು. ಮದುವೆಯಾದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಆಟಕ್ಕೆ ಅಂತ ಮರ ಮಾಡಿಸಿ ಕೊಂಬೆ ಮುರಿಯುತ್ತಾರೆ. ನೀರನ್ನೂ ಸರಿಯಾಗಿ ಹುಯ್ಯುವುದಿಲ್ಲ. ಹುಡುಗಿ ಕೈಕಾಲಿಲ್ಲದೆ ಅರ್ಧ ದೇಹವಾಗಿ ಉಳಿಯುತ್ತಾಳೆ. ಇದು ಮಕ್ಕಳ ಕತೆಯಾ? ಅಷ್ಟು ಸುಲಭಕ್ಕೆ ಹೇಳಲಾಗದು. ಮದುವೆಯಾಗಿ ಹೋದ ಹೆಣ್ಣಿನ ನೋವು ಅದರಲ್ಲಿದೆ. ಅದೇ ಕತೆಯನ್ನು ಮಗು ಕೇಳಿದಾಗ ಅದಕ್ಕೆ ಹೂವು, ನೀರು, ಆಮೇಲೆ ಒಂದು ದೊಡ್ಡ ಸಂಕಟ ಸಿಗುತ್ತದೆ. ಎರಡನ್ನೂ ಒಂದೇ ಕತೆ ಹೊತ್ತಿತ್ತು.

ಹೇಗೆ ಹೊತ್ತಿತ್ತು ಅಂದರೆ, ಹೇಳುವವರ ಎದುರಿಗೆ ಕೇಳುವವರು ಇದ್ದರು. “ಹೂಂ ಅನ್ನು, ಇಲ್ಲಾಂದ್ರೆ ಹೇಳಲ್ಲ” ಅನ್ನುತ್ತಿದ್ದರಲ್ವಾ ಅಜ್ಜಿ? ಆ ಹೂಂ ಸುಮ್ನೆ ಅಲ್ಲ. ಮಗುವಿನ ಹೂಂ ಸಣ್ಣಗಾಗಿ, ಕೈ ಸೆರಗು ಹಿಡಿಯಿತು ಅಂದರೆ ಅಲ್ಲೇ ರಾಕ್ಷಸನಿಗೆ ನೆಗಡಿ ಬರುತ್ತಿತ್ತು. ಅವನು ಸೀನುವಷ್ಟರಲ್ಲಿ ರಾಜಕುಮಾರ ಗುಹೆಯಿಂದ ಓಡಿರುತ್ತಿದ್ದ. ಮಗುವಿಗೆ ಧೈರ್ಯ ಬಂದಿದ್ದರೆ ಅದೇ ರಾಕ್ಷಸ ಮರುದಿನ ಇನ್ನೂ ಎರಡು ತಲೆ ಜಾಸ್ತಿ ಹೊತ್ತು ಬರುತ್ತಿದ್ದ. ಹೂಂ ನಿಂತರೆ ಮಗು ಮಲಗಿತು ಅಂತ ಅರ್ಥ, ಕತೆಯೂ ಅಲ್ಲಿಗೆ ನಿಂತಿತು. ಎಷ್ಟು ಹೆದರಿಸಬೇಕು ಅನ್ನುವ ಪ್ರಶ್ನೆಗೆ ಉತ್ತರ ಪ್ರತಿ ರಾತ್ರಿ, ಪ್ರತಿ ಮಗುವಿಗೂ ಬೇರೆ ಬೇರೆ.

ಅಚ್ಚಾದ ಪುಟಕ್ಕೆ ಮಗುವಿನ ಮುಖ ಕಾಣುವುದಿಲ್ಲ. ಒಂದು ರಾತ್ರಿಯ ಒಂದು ಹೇಳಿಕೆ ಅಲ್ಲಿ ನಿಂತುಬಿಡುತ್ತದೆ, ಎಲ್ಲ ಮಕ್ಕಳಿಗೂ ಅದೇ. ಅದಕ್ಕೇ ತಿದ್ದುವ ಕೆಲಸ ಶುರುವಾಗುತ್ತದೆ. ಜರ್ಮನಿಯ ಗ್ರಿಮ್ ಸಹೋದರರು 1812ರಿಂದ 1857ರವರೆಗೆ ಏಳು ಸಲ ತಮ್ಮ ಜನಪದ ಕತೆಗಳ ಸಂಗ್ರಹವನ್ನು ಅಚ್ಚು ಹಾಕಿಸಿದರು, ತಿದ್ದುತ್ತಲೇ ಹೋದರು. ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ ಕತೆಯಲ್ಲಿ ಮಕ್ಕಳನ್ನು ಕಾಡಿಗಟ್ಟಿದ ಹೆತ್ತ ತಾಯಿ ನಡುವೆ ಎಲ್ಲೋ ಮಲತಾಯಿಯಾದಳು. ‘ಮೂಲ ಕತೆ’ ಅಂತ ಇವತ್ತು ನಾವು ಜಗಳಾಡುವುದು ಹೆಚ್ಚಾಗಿ ಇಂಥ ಯಾವುದೋ ಒಂದು ಅಚ್ಚಿನ ಬಗ್ಗೆ.

ಈಗ ಕತೆ ಫೋನಿನಲ್ಲಿ ಕೇಳಿಸುತ್ತದೆ. ದನಿ ಮರಳಿ ಬಂದಿರುವುದು ನನಗೆ ಖುಷಿಯೇ. ಆದರೆ ಮಗು ಹೂಂ ಅಂದರೆ ಕೇಳಿಸಿಕೊಳ್ಳುವವರು ಅಲ್ಲಿಲ್ಲ.

ರಾಮಾನುಜನ್ ದಾಖಲಿಸಿದ ಇನ್ನೊಂದು ಕನ್ನಡ ಕತೆ ಇದೆ. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿ ಅವು ಒಂದು ದಿನ ಹೊರಗೆ ಬಂದವು. ಒಂದು ಗಂಡಸಿನ ಕೋಟಾಯಿತು, ಇನ್ನೊಂದು ಕಾಲಿನ ಜೋಡಾಯಿತು. ಗಂಡನಿಗೆ ಅನುಮಾನ ಬಂತು. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುವುದು ಕೇಳಿಸಿ ಅವನಿಗೆ ನಿಜ ತಿಳಿಯಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಕೇಳಿದ, ನಿನ್ನ ಕತೆ ಏನು, ಹಾಡು ಏನು ಅಂತ.

“ಯಾವ ಕತೆ? ಯಾವ ಹಾಡು?” ಅಂದಳು. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.