ಕಿರುನಾಟಕದಲ್ಲಿ ಕಥೆ ಹುಡುಕಬೇಡಿ, ಪಾತ್ರಕ್ಕೆ ಏನು ಬೇಕು ಅಂತ ನೋಡಿ

"ಮೇಡಂ, ಆಮೇಲೆ ಏನಾಯ್ತು?" ಕಿರುನಾಟಕ ಮುಗಿದು ಸಭಾಂಗಣದ ದೀಪ ಹತ್ತಿದ ಕೂಡಲೇ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು. ಕೇಳುವವರದ್ದು ತಪ್ಪಲ್ಲ. ನಾವೆಲ್ಲ ಕಥೆ ಕೇಳಿಕೊಂಡೇ ಬೆಳೆದವರು. ಆದರೆ 15–20 ನಿಮಿಷದ ನಾಟಕದಲ್ಲಿ ಪೂರ್ತಿ ಕಥೆ ಸಿಗುತ್ತೆ ಅಂತ ಹೋದರೆ ನಿರಾಸೆ ಖಂಡಿತ. ಅಷ್ಟು ಹೊತ್ತಿನಲ್ಲಿ ಯಾರ ಬದುಕನ್ನೂ ಹೇಳಿ ಮುಗಿಸೋಕೆ ಆಗಲ್ಲ. ಒಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದನ್ನು ತೋರಿಸಬಹುದು, ಅಷ್ಟೇ. ಮೈಸೂರಿನಲ್ಲಿ ನಟರಿಗೆ ತರಬೇತಿ ಕೊಡುವುದು, ಅವರ ಜೊತೆ ಇಂಥ ನಾಟಕ ಕಟ್ಟುವುದು ನನ್ನ ಕೆಲಸ. ಹಾಗಾಗಿ ತಾಲೀಮಿನಲ್ಲಿ ನಾವು ಯಾವುದಕ್ಕೆ ತಲೆ ಕೆಡಿಸಿಕೊಳ್ಳುತ್ತೇವೆ ಅಂತ ಹೇಳಿದರೆ ನೋಡುವವರಿಗೂ ಉಪಯೋಗ ಆಗಬಹುದು.

ಮಂಡ್ಯ ಕಡೆಯವರಿಗೆ ಇದು ಬೇಗ ಹಿಡಿಸುತ್ತದೆ. ಊರಲ್ಲಿ 'ಕುರುಕ್ಷೇತ್ರ' ಆಡಿಸಿದರೆ ದುರ್ಯೋಧನ ಗದೆ ಹೊತ್ತು ಬರುವ ಮೊದಲೇ ಅವನು ಯಾರ ಮಗ, ಯಾರ ಮೇಲೆ ಹಗೆ, ಕೊನೆಗೆ ಹೇಗೆ ಸಾಯುತ್ತಾನೆ ಅಂತ ಮುಂದೆ ಚಾಪೆ ಮೇಲೆ ಕೂತ ಮಕ್ಕಳಿಗೂ ಗೊತ್ತು. ಆದರೂ ಜನ ಬೆಳಗಿನ ಜಾವದ ತನಕ ಕೂತಿರುತ್ತಾರೆ. ಯಾಕೆ? ನಮ್ಮೂರಿನ ಈ ಹುಡುಗ ಆ ಪಾತ್ರವನ್ನು ಹೇಗೆ ನಿಭಾಯಿಸುತ್ತಾನೆ, ಸಂಧಾನದ ದೃಶ್ಯದಲ್ಲಿ ಕೃಷ್ಣನ ಮಾತಿಗೆ ಅವನ ಮುಖ ಹೇಗಾಗುತ್ತದೆ ಅಂತ ನೋಡೋಕೆ. ಅಂದರೆ 'ಏನಾಯ್ತು' ಅನ್ನುವುದಕ್ಕಿಂತ 'ಹೇಗೆ ಮಾಡಿದ' ಅನ್ನುವುದನ್ನು ನೋಡುವ ಅಭ್ಯಾಸ ನಮ್ಮವರಿಗೆ ಮೊದಲಿಂದಲೂ ಇದೆ. ಶರ್ಟು ಪ್ಯಾಂಟು ಹಾಕಿಕೊಂಡ, ಹೆಸರೂ ಗೊತ್ತಿಲ್ಲದ ಒಬ್ಬ ಪಾತ್ರಧಾರಿ ಬಂದು ಕುರ್ಚಿಯಲ್ಲಿ ಕೂತಾಗಲೂ ಅದೇ ಕಣ್ಣಲ್ಲಿ ನೋಡಬೇಕು. ಕಷ್ಟ ಇರುವುದು ಒಂದೇ, ಇಲ್ಲಿ ಪಾತ್ರದ ಪರಿಚಯ ಯಾರೂ ಮಾಡಿಕೊಡಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು.

ಅದಕ್ಕೆ ನಾನು ನಟರಿಗೆ ಕೇಳುವ ಪ್ರಶ್ನೆಯನ್ನೇ ನೀವೂ ಕೇಳಿಕೊಳ್ಳಿ: ಈ ಪಾತ್ರಕ್ಕೆ ಎದುರಿಗಿರುವವರಿಂದ ಈಗ ಏನು ಬೇಕು? ಬಾಲ್ಯದಲ್ಲಿ ಏನಾಗಿತ್ತು, ಸ್ವಭಾವ ಎಂಥದ್ದು ಅನ್ನುವುದೆಲ್ಲ ಆಮೇಲೆ. ಈಗ, ಈ ಕೋಣೆಯಲ್ಲಿ, ಇವರಿಂದ ಏನು ಬೇಕು?

ನಮ್ಮ ಶಿಬಿರದಲ್ಲಿ ಮಂಡ್ಯ ಕಡೆಯ ಹುಡುಗಿಯೊಬ್ಬಳು ಬರೆದ ಪುಟ್ಟ ನಾಟಕ ಇದಕ್ಕೆ ಒಳ್ಳೆಯ ಉದಾಹರಣೆ. ಜಾಗ ಹಳ್ಳಿಮನೆಯ ಅಡುಗೆಮನೆ. ಅಣ್ಣ, ಅತ್ತಿಗೆ, ಮದುವೆಯಾಗಿ ಹೋದ ತಂಗಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದುಪಡಿ ಆಯಿತಲ್ಲ, ಅದರಿಂದ ಗದ್ದೆ ಮಾರಬೇಕಾದರೆ ಅಣ್ಣನಿಗೆ ತಂಗಿಯ ಸಹಿ ಬೇಕು. ಈ ವಿಷಯ ನಾಟಕದಲ್ಲಿ ಎಲ್ಲೂ ನೇರವಾಗಿ ಬರಲ್ಲ. ಗದ್ದೆ ಅನ್ನುವ ಮಾತು ಬರುವುದೇ ಒಂದು ಸಲ, ಅದೂ ಅತ್ತಿಗೆಯ ಬಾಯಲ್ಲಿ, ಬೇರೆ ಏನೋ ಹೇಳುವಾಗ. ಅಣ್ಣ ಮಾತಾಡುವುದೆಲ್ಲ ಊಟದ ಬಗ್ಗೆ. "ಇನ್ನೊಂದರ್ಧ ಮುದ್ದೆ ಇಕ್ಕಿಸ್ಕೊ ತಾಯಿ, ಅಲ್ಲಿ ನಿಂಗ್ಯಾರು ಹಿಂಗೆ ಬಸ್ಸಾರು ಮಾಡಿಕ್ತಾರೆ?"

ತಂಗಿಗೆ ಸಾರು ಬಡಿಸೋಕೆ ಅಣ್ಣ ಬಗ್ಗುತ್ತಾನೆ. ಜೇಬಿನಿಂದ ಪೆನ್ನು ಜಾರಿ ಅವಳ ತಟ್ಟೆ ಪಕ್ಕಕ್ಕೆ ಬೀಳುತ್ತದೆ. ಎತ್ತಿಕೊಂಡು ಮತ್ತೆ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾನೆ. ಯಾರೂ ಏನೂ ಅನ್ನಲ್ಲ. ಅಲ್ಲಿಂದ ಮುಂದೆ ತಂಗಿ ನಿಧಾನವಾಗಿ ಉಣ್ಣುತ್ತಾಳೆ. ಹೊಟ್ಟೆ ತುಂಬಿದೆ ಅಂತ ಆಗಲೇ ಹೇಳಿದ್ದವಳು "ಅತ್ಗೆ, ಇನ್ನೊಂಚೂರು ಇಕ್ಕಿ" ಅನ್ನುತ್ತಾಳೆ. ಕೈ ಎಂಜಲಾಗಿರುವ ತನಕ ಯಾರೂ ಅವಳ ಕೈಗೆ ಪೆನ್ನು ಕೊಡೋಕೆ ಆಗಲ್ಲವಲ್ಲ! ಅತ್ತಿಗೆಗೆ ಇದು ಅರ್ಥವಾಗುತ್ತದೆ. ಹಾಗಂತ ಅವಳೂ ಹೇಳಲ್ಲ. ಒಂದು ಚೊಂಬು ನೀರು ತಂದು ತಟ್ಟೆ ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಾಳೆ. ಬ್ಲಾಕೌಟ್, ದೀಪವೆಲ್ಲ ಆರಿ ನಾಟಕ ಅಲ್ಲಿಗೇ ಮುಗಿಯುತ್ತದೆ.

ತಾಲೀಮಿನ ಮೊದಲ ದಿನಗಳಲ್ಲಿ ಅಣ್ಣನ ಪಾತ್ರದ ಹುಡುಗ ಅವನನ್ನು ಕಪಟಿ ಮಾಡಿಬಿಟ್ಟಿದ್ದ. ಓರೆಗಣ್ಣು, ಹುಸಿನಗು, ತಂಗಿ ಆ ಕಡೆ ತಿರುಗಿದರೆ ಹೆಂಡತಿಗೆ ಸನ್ನೆ. ಹೀಗೆ ಆಡಿದರೆ ಅರ್ಧ ನಿಮಿಷದಲ್ಲಿ ನೋಡುವವರಿಗೆ ಎಲ್ಲ ತಿಳಿದುಹೋಗುತ್ತದೆ, ಉಳಿದಿದ್ದು ಸುಮ್ನೆ ಕಾಲ ಕಳೆಯುವುದು. ಆಮೇಲೆ ಅವನಿಗೆ ನಾನು ಕೊಟ್ಟ ಸೂಚನೆ ಇಷ್ಟೇ: ತಂಗಿಗೆ ನಿಜವಾಗಿ ಊಟ ಹಾಕು. ಅವಳು ಚೆನ್ನಾಗಿ ಉಣ್ಣಬೇಕು ಅನ್ನುವುದು ನಿನಗೆ ಸಹಿಯಷ್ಟೇ ಮುಖ್ಯ. ಅಲ್ಲಿಂದ ಪಾತ್ರದ ರೀತಿಯೇ ಬೇರೆ ಆಯಿತು. ತಂಗಿ ಮೇಲೆ ಪ್ರೀತಿಯೂ ಇದೆ, ಸಾಲವೂ ಕುತ್ತಿಗೆಗೆ ಬಂದಿದೆ. ಎರಡೂ ಸುಳ್ಳಲ್ಲ. ನಾನು ಈ ನಾಟಕವನ್ನು ಇಷ್ಟಪಡುವುದು ಅದಕ್ಕೇ. ತಂಗಿಯ ಪಾತ್ರದವಳಿಗೂ ಕಣ್ಣೀರು ಹಾಕಬೇಡ ಅಂತ ಹೇಳಿದೆ. ಅಳು ಬಂದರೆ ಅವಳು ಸೋತ ಹಾಗೆ, ಆದರೆ ಅವಳಿನ್ನೂ ಉಣ್ಣುತ್ತಿದ್ದಾಳೆ.

ಪೆನ್ನು, ಚೊಂಬು, ತಟ್ಟೆ, ಹೀಗೆ ಪಾತ್ರಗಳು ವೇದಿಕೆ ಮೇಲೆ ಬಳಸುವ ಸಾಮಾನನ್ನು ನಾವು ರಂಗದವರು ಪ್ರಾಪರ್ಟಿ ಅನ್ನುತ್ತೇವೆ. ಕಿರುನಾಟಕದಲ್ಲಿ ಇವು ತುಂಬ ಕೆಲಸ ಮಾಡುತ್ತವೆ, ಯಾಕೆಂದರೆ ಮಾತಿನಲ್ಲಿ ಹೇಳೋಕೆ ಹೊತ್ತಿಲ್ಲ. ವೇದಿಕೆ ಮೇಲೆ ನಾಲ್ಕೇ ಸಾಮಾನು ಇದ್ದರೆ ಅವು ಅಲ್ಲಿ ಇರುವುದಕ್ಕೆ ಕಾರಣ ಇರುತ್ತದೆ. ಯಾವುದು ಯಾರ ಕೈಗೆ ಹೋಗುತ್ತಿದೆ, ಯಾರು ಯಾವುದನ್ನು ಮುಟ್ಟುತ್ತಿಲ್ಲ ಅಂತ ಗಮನಿಸಿ. ಮಾತು ಬಿಟ್ಟುಹೋದರೂ ಪರವಾಗಿಲ್ಲ, ಕೈ ನೋಡಿ.

ಇದು ಹೊಸ ಕಾಲದ ಕಲಿಕೆ ಏನಲ್ಲ. ಸ್ವೀಡನ್ನಿನ ಆಗಸ್ಟ್ ಸ್ಟ್ರಿಂಡ್‌ಬರ್ಗ್ 1889ರಲ್ಲಿ ಬರೆದ 'ದಿ ಸ್ಟ್ರಾಂಗರ್' ನಾಟಕದಲ್ಲಿ ಇಬ್ಬರು ನಟಿಯರು ಕ್ರಿಸ್ಮಸ್ ಹಿಂದಿನ ಸಂಜೆ ಒಂದು ಕೆಫೆಯಲ್ಲಿ ಎದುರಾಗುತ್ತಾರೆ. ಒಬ್ಬಳು ಕೊನೆತನಕ ಮಾತಾಡುತ್ತಾಳೆ, ಇನ್ನೊಬ್ಬಳು ಒಂದು ಮಾತೂ ಆಡಲ್ಲ. ಮಾತಾಡುವವಳು ಗಂಡನಿಗೆ ತಂದ ಚಪ್ಪಲಿ ತೋರಿಸುತ್ತಾಳೆ. ಅದರ ಮೇಲೆ ಟುಲಿಪ್ ಹೂವಿನ ಕಸೂತಿ ಮಾಡಿದ್ದಾಳೆ, ಗಂಡನಿಗೆ ಇಷ್ಟ ಅಂತ, ತನಗೆ ಆ ಹೂವು ಕಂಡರಾಗದಿದ್ದರೂ. ಮಾತಾಡುತ್ತಾ ಮಾತಾಡುತ್ತಾ ಆ ಇಷ್ಟ ಗಂಡನಿಗೆ ಎಲ್ಲಿಂದ ಬಂತು ಅಂತ ಅವಳಿಗೇ ಹೊಳೆಯುತ್ತದೆ. ಎದುರಿಗೆ ಸುಮ್ಮನೆ ಕೂತವಳಿಂದ! ಒಬ್ಬರು ಬರೀ ಕೇಳಿಸಿಕೊಳ್ಳುತ್ತಾ ಕೂತು ಎದುರಿಗಿದ್ದವರ ಬಾಯಿಂದ ಎಲ್ಲ ಹೊರಡಿಸಬಹುದು ಅಂತ ಕಲಿಸೋಕೆ ನಾನು ಈ ನಾಟಕವನ್ನು ಪ್ರತಿ ತಂಡಕ್ಕೂ ಓದಿಸುತ್ತೇನೆ. ಇದನ್ನು ನೋಡುವಾಗ ಕಣ್ಣು ತಾನಾಗಿ ಮಾತಾಡುವವಳ ಕಡೆಗೇ ಹೋಗುತ್ತದೆ. ಆಗಾಗ ಎಳೆದು ಸುಮ್ಮನಿರುವವಳ ಮೇಲಿಡಿ. ಅವಳಾಗಿ ಆಡುವುದು ಎಷ್ಟು ಕಷ್ಟ ಅಂತ ಆಡಿದವರನ್ನೇ ಕೇಳಬೇಕು.

ನಮ್ಮಲ್ಲೇ ಕುವೆಂಪು ಅವರ 'ಜಲಗಾರ' ಇದೆ, 1928ರದ್ದು. ಊರಿಗೆ ಊರೇ ದೇವಸ್ಥಾನದ ಕಡೆ ಹೋಗುವಾಗ ಜಲಗಾರ, ಅಂದರೆ ಜಾಡಮಾಲಿ, ತನ್ನ ಕೆಲಸ ಬಿಟ್ಟು ಹೋಗಲ್ಲ, ಕೊನೆಗೆ ಶಿವನೇ ಜಲಗಾರನಾಗಿ ಅವನಿದ್ದಲ್ಲಿಗೆ ಬರುತ್ತಾನೆ. ಇದನ್ನು ಪಾಠದ ಹಾಗೆ ಓದಿದವರಿಗೆ ಸಂದೇಶ ಮಾತ್ರ ನೆನಪಿರುತ್ತದೆ. ರಂಗದ ಮೇಲೆ ನೋಡಿ. ಪೊರಕೆ ಹಿಡಿದವನು ಎಷ್ಟು ನಿಜವಾಗಿ ಗುಡಿಸುತ್ತಾನೋ ಆ ನಾಟಕ ಅಷ್ಟೇ ನಿಜವಾಗಿರುತ್ತದೆ. ಗುಡಿಸುವ ಹಾಗೆ ನಟಿಸಿದರೆ ಶಿವ ಬಂದರೂ ಉಪಯೋಗ ಇಲ್ಲ.

ಇನ್ನೊಂದು ವಿಷಯ, ಪಾತ್ರ ಹೇಳುವುದನ್ನೆಲ್ಲ ನಂಬಬೇಡಿ. ಗಿರೀಶ್ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಇರುವುದು ಒಬ್ಬಳೇ ಲೇಖಕಿ, ಜೊತೆಗೆ ಟಿವಿ ಪರದೆ ಮೇಲೆ ಅವಳದ್ದೇ ಬಿಂಬ. ಬಿಂಬ ಪ್ರಶ್ನೆ ಕೇಳುತ್ತಾ ಹೋದ ಹಾಗೆ ಅವಳು ಮೊದಲು ಹೇಳಿದ್ದು ಒಂದೊಂದಾಗಿ ಕಳಚಿಕೊಳ್ಳುತ್ತದೆ. ಇಂಥ ಏಕವ್ಯಕ್ತಿ ನಾಟಕದಲ್ಲಿ ಎದುರಿಗೆ ಬೇರೆ ಪಾತ್ರ ಇಲ್ಲ ಅಂದುಕೊಳ್ಳುತ್ತೇವೆ. ಇದೆ. ಅವಳು ಒಪ್ಪಿಸೋಕೆ ಹೊರಟಿರುವುದು ನಮ್ಮನ್ನು. ಅವಳಿಗೆ ನಮ್ಮಿಂದ ಏನು ಬೇಕು ಅಂತ ಕೇಳಿಕೊಂಡರೆ ಎಲ್ಲಿ ದನಿ ಎತ್ತುತ್ತಾಳೆ, ಎಲ್ಲಿ ಬೇಗ ಬೇಗ ದಾಟಿಸುತ್ತಾಳೆ ಅನ್ನುವುದು ತಾನಾಗಿ ಕಾಣುತ್ತದೆ.

ಚೆನ್ನಾಗಿಲ್ಲದ ಕಿರುನಾಟಕಗಳೂ ಬೇಕಾದಷ್ಟಿವೆ, ಅದನ್ನೂ ಹೇಳಲೇಬೇಕು. ಕೊನೆಯ ಎರಡು ನಿಮಿಷ ಒಬ್ಬರು ಮುಂದೆ ಬಂದು ಜನರ ಕಡೆ ತಿರುಗಿ ನೀತಿ ಹೇಳೋಕೆ ಶುರು ಮಾಡಿದರೆ ನನಗೆ ಬೇಜಾರಾಗುತ್ತದೆ. ಅಲ್ಲಿತನಕ ಕಟ್ಟಿದ ಮನುಷ್ಯರನ್ನೆಲ್ಲ ಬದಿಗೆ ಸರಿಸಿ ಭಾಷಣ ಮಾಡಿದ ಹಾಗಾಯ್ತು ಅಲ್ವಾ? ಬೀದಿನಾಟಕದ ಮಾತು ಬೇರೆ, ಅದು ಜನರ ಜೊತೆ ನೇರ ಮಾತಾಡೋಕೇ ಹುಟ್ಟಿದ್ದು. ಕೋಣೆಯೊಳಗಿನ ಇಬ್ಬರ ನಾಟಕಕ್ಕೆ ಅದು ಹೊಂದಲ್ಲ. ಹಾಗೇ ಕೊನೇ ಕ್ಷಣದಲ್ಲಿ ದಿಢೀರ್ ತಿರುವು ಕೊಟ್ಟು ಚಪ್ಪಾಳೆ ಗಿಟ್ಟಿಸುವುದು. ಒಂದು ಸಲ ಮಜಾ ಇರುತ್ತದೆ. ಎರಡನೇ ಸಲ ನೋಡಿದಾಗಲೂ ಹಿಡಿದು ಕೂರಿಸಿದರೆ ಆ ತಿರುವಿಗೆ ಬೆಲೆ.

ನೋಡೋಕೆ ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ ಮೈಸೂರಿನಲ್ಲಿ ಬರ ಇಲ್ಲ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಭೂಮಿಗೀತ, ಕಲಾಮಂದಿರದ ಆವರಣದ ಕಿರುರಂಗಮಂದಿರ, ರಾಮಕೃಷ್ಣನಗರದ ನಟನ, ಇವೆಲ್ಲ ನಟರ ಮುಖ ಹತ್ತಿರದಿಂದ ಕಾಣುವಂಥ ಜಾಗಗಳು. ಹಿಂದೆ ಕೂರಬೇಡಿ. ತಡವಾಗಿ ಬಂದು ಮೊಬೈಲ್ ಬೆಳಕಲ್ಲಿ ಸೀಟು ಹುಡುಕಬೇಡಿ, ಎರಡು ತಾಸಿನ ನಾಟಕದಲ್ಲಿ ಮೊದಲ ಹತ್ತು ನಿಮಿಷ ತಪ್ಪಿದರೆ ಹೇಗೋ ಸರಿಹೋಗುತ್ತದೆ, ಇಲ್ಲಿ ಅಷ್ಟರಲ್ಲಿ ಪೆನ್ನು ಬಿದ್ದುಹೋಗಿರುತ್ತದೆ. ಒಂದೇ ಸಂಜೆ ಮೂರು ನಾಟಕ ಇದ್ದರೆ ನಡುವೆ ಹೊರಗೆ ಬಂದು ಒಂದು ಟೀ ಕುಡಿದು, ನೋಡಿದ್ದರ ಬಗ್ಗೆ ಪಕ್ಕದವರ ಜೊತೆ ಎರಡು ಮಾತಾಡಿ ಒಳಗೆ ಹೋಗಿ.

ಮುಗಿದ ಮೇಲೆ ನಟರನ್ನು ಮಾತಾಡಿಸೋಕೆ ಸಂಕೋಚ ಬೇಡ. "ಚೆನ್ನಾಗಿತ್ತು" ಅಂತ ಎಲ್ಲರೂ ಹೇಳುತ್ತಾರೆ, ಅದರಿಂದ ಅವರಿಗೆ ಏನೂ ತಿಳಿಯಲ್ಲ. ಯಾವ ಕ್ಷಣದಲ್ಲಿ ನಿಮಗೆ ಪಾತ್ರ ಸಿಕ್ಕಿತು, ಎಲ್ಲಿ ಕೈತಪ್ಪಿತು ಅಂತ ಹೇಳಿ. ನಮ್ಮ ತಂಗಿಯ ಪಾತ್ರದವಳಿಗೆ ಒಬ್ಬ ಅಜ್ಜಿ ಬಂದು "ಆ ಕಡೇ ಮುದ್ದೆ ನಿಂಗೆ ಬ್ಯಾಡವಾಗಿತ್ತು ಅಲ್ವೇನವ್ವ?" ಅಂದರು. ಮಾರನೇ ದಿನದ ಪ್ರದರ್ಶನದಲ್ಲಿ ಅವಳು ಆ ಮುದ್ದೆಯನ್ನು ಇನ್ನೂ ಸಣ್ಣ ಸಣ್ಣ ತುತ್ತು ಮಾಡಿ ಉಂಡಳು.